ಮನೆಪಾಠವೋ, ಆನ್‌ಲೈನೋ?

ಪ್ರಶ್ನೆ: ಸೋಮವಾರಪೇಟೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮಡಿಕೇರಿ, ಗೋಣಿಕೊಪ್ಪದವರೂ ಕೇಳುತ್ತಿದ್ದಾರೆ. ಪೂರ್ತಿ ಆನ್‌ಲೈನ್‌ಗೆ ಹೋಗಲೇ?
– ಓದುಗರು, ಸೋಮವಾರಪೇಟೆ

ಉತ್ತರ: ಪೂರ್ತಿ ಬೇಡ. ಹತ್ತಿರದ ಮಕ್ಕಳನ್ನು ಎದುರಿಗೇ ಕೂರಿಸಿಕೊಳ್ಳಿ, ದೂರದವರಿಗೆ ಮಾತ್ರ ಆನ್‌ಲೈನ್. ಒಂದು ಗಂಟೆ ಪಾಠಕ್ಕೆ ಗುಡ್ಡದ ದಾರಿಯಲ್ಲಿ ಎರಡು ಗಂಟೆ ಹೋದರೆ ನಿಮ್ಮ ಶುಲ್ಕ ಮೂರು ಗಂಟೆಗೆ ಹಂಚಿಹೋಗುತ್ತದೆ.

ಆನ್‌ಲೈನ್‌ನಲ್ಲಿ ಗಣಿತ ಕೆಡುವುದು ಒಂದೇ ಕಡೆ: ಮಗು ಬರೆಯುವುದು ನಿಮಗೆ ಕಾಣುವುದಿಲ್ಲ. ಸಮ ಚಿಹ್ನೆ ದಾಟಿಸುವಾಗ –5 ಹಾಗೇ –5 ಆಗಿ ಉಳಿದದ್ದು ಮುಖ ನೋಡಿದರೆ ಗೊತ್ತಾಗದು. ಆದ್ದರಿಂದ ಮಗುವಿನ ಫೋನನ್ನು ಸ್ಟ್ಯಾಂಡಿಗೆ ಹಾಕಿಸಿ, ಪುಸ್ತಕದ ಮೇಲೆ ಸುಮಾರು ಒಂದಡಿ ಎತ್ತರದಲ್ಲಿ, ಕ್ಯಾಮೆರಾ ಕೆಳಮುಖವಾಗಿ ಇಡಿಸಿ. ಬೆಳಕು ಬರೆಯದ ಕೈಯ ಕಡೆಯಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳೇ ಲೆಕ್ಕವನ್ನು ಮುಚ್ಚುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಗೊತ್ತಲ್ಲ! ಕರೆಂಟ್ ಹೋದರೆ ಫೈಬರ್ ಇದ್ದರೂ ರೂಟರ್ ಸಾಯುತ್ತದೆ. ಅಡಾಪ್ಟರ್ ಮೇಲೆ ಬರೆದಿರುವ ಔಟ್‌ಪುಟ್ ವೋಲ್ಟೇಜ್ ನೋಡಿ (ಹೆಚ್ಚಾಗಿ 12) ಅದಕ್ಕೆ ಹೊಂದುವ ಮಿನಿ ಯುಪಿಎಸ್ ತನ್ನಿ. ನೆಟ್‌ವರ್ಕ್ ಕುಂಟಿದರೆ ಮೊದಲು ನಿಮ್ಮ ವಿಡಿಯೋ ನಿಲ್ಲಿಸಿ, ಮಗುವಿನದನ್ನಲ್ಲ. ಅಂದಿನ ಐದು ಲೆಕ್ಕಗಳನ್ನು ವಾಟ್ಸಾಪ್‌ನಲ್ಲಿ ಮೊದಲೇ ಕಳಿಸಿಟ್ಟಿದ್ದರೆ ಸಾಧಾರಣ ಫೋನ್ ಕರೆಯಲ್ಲೂ ಪಾಠ ಮುಗಿಸಬಹುದು.

ತಪ್ಪಿದ ತರಗತಿಯನ್ನು ಮತ್ತೆ ಯಾವ ದಿನ ಮಾಡುತ್ತೀರಿ ಎಂಬುದನ್ನು ಮಗು ಸೇರುವಾಗಲೇ ಪೋಷಕರೊಂದಿಗೆ ಮಾತಾಡಿಕೊಳ್ಳಿ. ಜ್ಯಾಮಿತಿಯ ರಚನೆಗಳನ್ನು ಮಾತ್ರ ತಿಂಗಳಿಗೊಮ್ಮೆ ಎದುರಿಗೆ ಕರೆಸಿ ಮಾಡಿಸಿ. ಕೈವಾರ ಹಿಡಿಯುವುದನ್ನು ಪಕ್ಕದಲ್ಲಿದ್ದೇ ತಿದ್ದಬೇಕು.