ಖಿನ್ನತೆಯ ಮಾತ್ರೆ ಬಿಟ್ಟು ಕೇಸರಿಯನ್ನು ನೆಚ್ಚಿಕೊಳ್ಳಬಹುದೇ?

ಫ್ಲುವೊಕ್ಸೆಟಿನ್ ಮಾತ್ರೆಯನ್ನು ನಿಲ್ಲಿಸಿ, ಕೇಸರಿಯಲ್ಲಿರುವ ಕ್ರೋಸಿನ್ ಮತ್ತು ಸಫ್ರನಾಲ್ ಎಂಬ ಸಸ್ಯಸಂಯುಕ್ತಗಳಿಂದಲೇ ಖಿನ್ನತೆಯನ್ನು ವಾಸಿ ಮಾಡಿಕೊಳ್ಳಬಹುದೇ, ಹಾಗಾದರೆ ದಿನಕ್ಕೆ ಎಷ್ಟು ಬೇಕು ಎಂದು ಕೇಳಿದ್ದೀರಿ. ನಾನು ಅದನ್ನು ಮಾಡಿ ನೋಡಿದವಳು. ಹಾಗಾಗಿ ಪ್ರಮಾಣದ ಮಾತಿಗೆ ಮೊದಲು, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮಾತ್ರೆಯಿಂದ ನನ್ನ ಖಿನ್ನತೆ ಇಳಿದಿತ್ತು. ಆದರೆ ಅಳುವೂ ಬಾರದ, ನಗುವೂ ಬಾರದ ಒಂದು ಬಗೆಯ ಮರಗಟ್ಟಿದ ಸ್ಥಿತಿ ಉಳಿದುಕೊಂಡಿತ್ತು. ಅದನ್ನು ವೈದ್ಯರ ಬಳಿ ಹೇಳಿಕೊಳ್ಳಲು ಸಂಕೋಚಪಟ್ಟು ನಾನೇ ಓದತೊಡಗಿದಾಗ, ಟೆಹರಾನಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ವಿವರ ಸಿಕ್ಕಿತು. ಖಿನ್ನತೆಯಿದ್ದ 40 ಹೊರರೋಗಿಗಳಲ್ಲಿ ಅರ್ಧ ಜನರಿಗೆ ದಿನಕ್ಕೆ 30 ಮಿಲಿಗ್ರಾಂ ಕೇಸರಿ ಸಾರವನ್ನೂ ಉಳಿದವರಿಗೆ 20 ಮಿಲಿಗ್ರಾಂ ಫ್ಲುವೊಕ್ಸೆಟಿನನ್ನೂ 6 ವಾರ ಕೊಟ್ಟು ನೋಡಿದಾಗ, ಎರಡೂ ಗುಂಪುಗಳ ಸುಧಾರಣೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾನು ನುಂಗುತ್ತಿದ್ದದ್ದೂ ಅದೇ 20 ಮಿಲಿಗ್ರಾಂ. ಎರಡೂ ಒಂದೇ ಎಂದಾದ ಮೇಲೆ ಅದನ್ನು ಬಿಟ್ಟು ಇದನ್ನು ಹಿಡಿದರೇನು ಎಂದು, ಒಂದೇ ದಿನ ಮಾತ್ರೆಯನ್ನು ನಿಲ್ಲಿಸಿ ಕೇಸರಿ ಸಾರದ ಕ್ಯಾಪ್ಸೂಲನ್ನು ಆರಂಭಿಸಿದೆ.

ನನಗೆ ಮುಳುವಾದದ್ದು ಈ 'ಒಂದೇ ದಿನ'. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲಿಯೇ ಎಡವುವ ಸಾಧ್ಯತೆ ಹೆಚ್ಚು. ಫ್ಲುವೊಕ್ಸೆಟಿನ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುವ ಔಷಧ. ಯಕೃತ್ತು ಅದನ್ನು ನಾರ್‌ಫ್ಲುವೊಕ್ಸೆಟಿನ್ ಎಂಬ ಇನ್ನೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಅದಕ್ಕೂ ಮೂಲ ಔಷಧದ ಗುಣವೇ ಇದ್ದು, ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಒಂದು ವಾರದಿಂದ ಎರಡು ವಾರ ಹಿಡಿಯಬಹುದು. ಒಲೆ ಆರಿದ ಮೇಲೂ ಬಹಳ ಹೊತ್ತು ಕಾವು ಬಿಡದ ಮಣ್ಣಿನ ಮಡಕೆಯಂತೆ, ಮಾತ್ರೆ ನಿಂತು ವಾರಗಳು ಕಳೆದರೂ ಅದರ ಪರಿಣಾಮ ಉಳಿದಿರುತ್ತದೆ. ಹೀಗಾಗಿ ಮೊದಲ ವಾರಗಳಲ್ಲಿ ನಾನು ಚೆನ್ನಾಗಿದ್ದೆ, ಮರಗಟ್ಟಿದ ಭಾವವೂ ಸಡಿಲಗೊಂಡಿತ್ತು, ಆ ಶ್ರೇಯಸ್ಸನ್ನೆಲ್ಲ ಕೇಸರಿಗೆ ಕೊಟ್ಟೆ. ವಾಸ್ತವದಲ್ಲಿ ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದದ್ದು ನಾನು ತೊರೆದಿದ್ದ ಮಾತ್ರೆಯೇ ಆಗಿರಬೇಕು. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದ್ದರಿಂದ ಯಾವುದು ಏನು ಮಾಡುತ್ತಿದೆ ಎಂದು ತಿಳಿಯುವ ದಾರಿಯನ್ನೇ ನಾನು ಮುಚ್ಚಿಕೊಂಡಿದ್ದೆ. ನಿದ್ದೆ ಕೆಟ್ಟು, ಬೆಳಗಿನ ಹೊತ್ತು ಹಾಸಿಗೆ ಬಿಟ್ಟೇಳಲಾಗದಂತಾದಾಗಲೂ ಕೇಸರಿ ಗುಣಮುಖಗೊಳಿಸಿದೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಖಿನ್ನತೆಯ ಮರುಕಳಿಕೆ ಎಂದು ಒಪ್ಪದೆ ಕ್ಯಾಪ್ಸೂಲಿನ ಸಂಖ್ಯೆಯನ್ನು ಹೆಚ್ಚಿಸಿದೆ. ಕೊನೆಗೆ ಅಕ್ಕ ನನ್ನನ್ನು ವೈದ್ಯರ ಬಳಿ ಕರೆದೊಯ್ಯುವ ವೇಳೆಗೆ ಕೆಲಸ ಕೈಬಿಟ್ಟಿತ್ತು, ಮೊದಲಿನ ಸ್ಥಿತಿಗೆ ಮರಳಲು ಮೊದಲ ಸಲಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಬೇರೆ ಕೆಲವು ಮಾತ್ರೆಗಳು, ಉದಾಹರಣೆಗೆ ಪ್ಯಾರೊಕ್ಸೆಟಿನ್ ಅಥವಾ ವೆನ್ಲಾಫ್ಯಾಕ್ಸಿನ್, ದೇಹದಿಂದ ಬೇಗ ಹೊರಹೋಗುತ್ತವೆ. ಅವನ್ನು ತಟ್ಟನೆ ನಿಲ್ಲಿಸಿದವರಿಗೆ ಕೆಲವೇ ದಿನಗಳಲ್ಲಿ ತಲೆಸುತ್ತು, ವಾಕರಿಕೆ, ತಲೆಯೊಳಗೆ ವಿದ್ಯುತ್ ಹೊಡೆದಂಥ ಅನುಭವ ಕಾಣಿಸಿಕೊಳ್ಳಬಹುದು. ನಿಧಾನವಾಗಿ ಹೋಗುವ ಔಷಧ ಆ ಎಚ್ಚರಿಕೆಯನ್ನೂ ನನಗೆ ಕೊಡಲಿಲ್ಲ.

ಆ ಪ್ರಯೋಗವನ್ನು ಈಗ ಮತ್ತೆ ಓದಿದರೆ ಬೇರೆಯೇ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ನಲವತ್ತು ಜನರ ನಡುವೆ ವ್ಯತ್ಯಾಸ ಕಾಣಲಿಲ್ಲ ಎಂದ ಮಾತ್ರಕ್ಕೆ ಎರಡೂ ಸಮಾನವೆಂದು ಸಾಬೀತಾಗುವುದಿಲ್ಲ. ಅಷ್ಟು ಚಿಕ್ಕ ಗುಂಪಿನಲ್ಲಿ ಸಾಕಷ್ಟು ದೊಡ್ಡ ವ್ಯತ್ಯಾಸವೂ ಅಡಗಿ ಕೂರಬಲ್ಲದು. ಅವರ ಖಿನ್ನತೆ ಸೌಮ್ಯ ಅಥವಾ ಮಧ್ಯಮ ಪ್ರಮಾಣದ್ದು, ಅವರ ಮೇಲೆ ವೈದ್ಯರ ಕಣ್ಣಿತ್ತು, ಮತ್ತು ಆರು ವಾರಗಳ ಆಚೆ ಏನಾಯಿತೆಂಬುದನ್ನು ಆ ಪ್ರಯೋಗ ಹೇಳುವುದಿಲ್ಲ. ಹಾಗೆಂದು ಕೇಸರಿಯನ್ನು ನಾನು ತಳ್ಳಿಹಾಕುವುದಿಲ್ಲ. ನಂತರವೂ ಹಲವು ಚಿಕ್ಕ ಪ್ರಯೋಗಗಳಲ್ಲಿ ಅದು ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಮೇಲಾಗಿ ಕಂಡಿದೆ, ಮತ್ತು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೋಗಿಗಳು ತಮ್ಮ ಮಾತ್ರೆಯನ್ನು ಮುಂದುವರಿಸುತ್ತಲೇ ದಿನಕ್ಕೆ 30 ಮಿಲಿಗ್ರಾಂ ಕ್ರೋಸಿನ್ ಸೇವಿಸಿದಾಗ, ಮಾತ್ರೆಯೊಂದನ್ನೇ ತೆಗೆದುಕೊಂಡವರಿಗಿಂತ ಹೆಚ್ಚು ಸುಧಾರಿಸಿದರು. ಅಲ್ಲಿ ಕ್ರೋಸಿನ್ ಮಾತ್ರೆಯ ಜೊತೆಗಿತ್ತೇ ಹೊರತು ಅದರ ಜಾಗದಲ್ಲಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಇನ್ನು 'ರಾಸಾಯನಿಕ ಬೇಡ, ಸಹಜವಾದದ್ದು ಬೇಕು' ಎಂದು ಬರೆದಿದ್ದೀರಿ. ಈ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಕ್ರೋಸಿನ್ ಕೂಡ ಒಂದು ರಾಸಾಯನಿಕವೇ. ಕರುಳಿನಲ್ಲಿ ಒಡೆದು ಕ್ರೋಸೆಟಿನ್ ಆದ ಮೇಲೆಯೇ ಅದು ರಕ್ತಕ್ಕೆ ಸೇರುತ್ತದೆ. ಕೇಸರಿಯ ಸಂಯುಕ್ತಗಳು ಮಿದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೋನಿನ್, ಡೋಪಮಿನ್‌ಗಳ ಮೇಲೆ ಕೆಲಸ ಮಾಡುತ್ತವೆ ಎಂಬ ಊಹೆ ನಿಜವಾದರೆ ಅವು ಔಷಧಗಳು; ಔಷಧಕ್ಕೆ ಬೇಕಾದ ಎಚ್ಚರವೆಲ್ಲ ಅವಕ್ಕೂ ಬೇಕು. ಗರ್ಭಿಣಿಯರು ಔಷಧದ ಪ್ರಮಾಣದಲ್ಲಿ ಅದನ್ನು ತೆಗೆದುಕೊಳ್ಳಬಾರದು, ಮತ್ತು ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ನಡುವೆ ಹೊಯ್ದಾಡುವ ಬೈಪೋಲಾರ್ ಕಾಯಿಲೆ ಇರುವವರು ಮನೋವೈದ್ಯರಿಗೆ ತಿಳಿಸದೆ ಮುಟ್ಟಲೇಬಾರದು. ಅಡುಗೆಯ ಕೇಸರಿಯನ್ನು ತೂಗಿ 30 ಮಿಲಿಗ್ರಾಂ ಎಂದು ನುಂಗುವುದರಲ್ಲಿಯೂ ಅರ್ಥವಿಲ್ಲ, ಪ್ರಯೋಗದಲ್ಲಿದ್ದದ್ದು ಅಳತೆಗೊಳಪಟ್ಟ ಸಾರ. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವು ಬೇಕಾಗುವುದರಿಂದ ಕಲಬೆರಕೆಯೂ ಅಷ್ಟೇ ಸಾಮಾನ್ಯ. ಬಣ್ಣ ಹಚ್ಚಿದ ಕುಸುಬೆಯ ಎಸಳನ್ನು ನೀವು ಗುರುತಿಸಲಾರಿರಿ.

ಮಾತ್ರೆಯಿಂದ ನಿಮಗಾಗುತ್ತಿರುವ ತೊಂದರೆಯನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರ ಮುಂದಿಡಿ. ನಾನು ಹಾಗೆ ಮಾಡಿದಾಗ ಅವರು ಮಾತ್ರೆಯನ್ನೇ ಬದಲಿಸಿದರು, ಮರಗಟ್ಟುವಿಕೆ ಹೋಯಿತು. ಮೊದಲೇ ಬಾಯಿಬಿಟ್ಟಿದ್ದರೆ ಕೇಸರಿಯ ಪ್ರಸ್ತಾಪವೇ ಬರುತ್ತಿರಲಿಲ್ಲ. ಕೇಸರಿ ಬೇಕೆಂದೇ ಇದ್ದರೆ, ಈಗಿನ ಮಾತ್ರೆಯ ಜೊತೆಗೆ ಸೇರಿಸಬಹುದೇ ಎಂದು ಅವರನ್ನೇ ಕೇಳಿ. ಈಗಾಗಲೇ ಮಾತ್ರೆ ನಿಲ್ಲಿಸಿ ಚೆನ್ನಾಗಿದ್ದೇನೆ ಎನ್ನುವಿರಾದರೂ ಈ ವಾರವೇ ಅವರನ್ನು ಕಾಣಿರಿ. ಸಾಯುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ ವಾರವೂ ಕಾಯಬೇಡಿ, ಪಕ್ಕದಲ್ಲಿರುವವರಿಗೆ ಈಗಲೇ ತಿಳಿಸಿ ಇಂದೇ ಆಸ್ಪತ್ರೆಗೆ ಹೋಗಿ.