ಟೈಟಾನಿಕ್ ಹಡಗಿನಲ್ಲಿ ತೀರಿಹೋದ ಆ ಮೆನೊನೈಟ್ ಟೀಚರ್ ಯಾರು? ಭಾರತಕ್ಕೂ ಅವರಿಗೂ ಏನು ನಂಟು?

ಅವರ ಹೆಸರು ಆನಿ ಫಂಕ್. ಹುಟ್ಟಿದ್ದು 1874ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಬ್ಯಾಲಿ ಎಂಬ ಹಳ್ಳಿಯ ಕಡೆ. ಮೆನೊನೈಟರು ಅಂದರೆ ದೊಡ್ಡವರಾದ ಮೇಲೆ ಮಾತ್ರ ದೀಕ್ಷಾಸ್ನಾನ ಪಡೆಯುವ, ಆಯುಧ ಹಿಡಿಯಬಾರದು ಎಂದು ನಂಬುವ ಕ್ರೈಸ್ತರು. ಆನಿಯ ತಂದೆ ಊರಿನ ಚರ್ಚಿನಲ್ಲಿ ಡೀಕನ್, ಅಂದರೆ ಚರ್ಚಿನ ಸೇವಾಕೆಲಸ ನೋಡಿಕೊಳ್ಳುವವರು, ಆಗಿದ್ದರು.

1906ರಲ್ಲಿ ಆನಿ ಭಾರತಕ್ಕೆ ಬಂದರು. ಈಗಿನ ಛತ್ತೀಸಗಢದ ಜಾಂಜಗೀರ್‌ನಲ್ಲಿ ಹಿಂದಿ ಕಲಿತು, 1908ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಒಂದೇ ಕೋಣೆ, 17 ಹುಡುಗಿಯರು. ಆ ಕಾಲದಲ್ಲಿ, ಅಂಥ ಊರಲ್ಲಿ, ಇದು ಸಣ್ಣ ಕೆಲಸ ಅಲ್ವೇ ಅಲ್ಲ. ನನಗೆ ಅವರ ಸಾವಿಗಿಂತ ಈ ಕೋಣೆಯೇ ಜಾಸ್ತಿ ನೆನಪಾಗುತ್ತದೆ.

1912ರಲ್ಲಿ ಅಮ್ಮನಿಗೆ ತುಂಬಾ ಕಾಯಿಲೆ, ಬೇಗ ಬಾ ಎಂದು ತಂತಿ ಬಂತು. ಆನಿ ಬಾಂಬೆಯಿಂದ ಹೊರಟು ಇಂಗ್ಲೆಂಡ್ ಮುಟ್ಟಿದರು. ಹಾವರ್ಫರ್ಡ್ ಎಂಬ ಹಡಗಿಗೆ ಟಿಕೆಟ್ ಇತ್ತು. ಆದರೆ ಕಲ್ಲಿದ್ದಲು ಮುಷ್ಕರದಿಂದ ಅದು ಹೊರಡಲಿಲ್ಲ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು ಟೈಟಾನಿಕ್‌ನ ಎರಡನೇ ದರ್ಜೆ ಹತ್ತಿದರು. ಏಪ್ರಿಲ್ 12ಕ್ಕೆ, ಹಡಗಿನಲ್ಲೇ, ಅವರಿಗೆ 38 ತುಂಬಿತು. ಮೂರು ದಿನಕ್ಕೆ ಹಡಗು ಮುಳುಗಿತು.

ದೋಣಿಯಲ್ಲಿ ತಮ್ಮ ಜಾಗವನ್ನು ಒಬ್ಬ ತಾಯಿಗೆ ಬಿಟ್ಟುಕೊಟ್ಟರು ಎಂದು ಹೇಳುತ್ತಾರೆ. ಅದನ್ನು ಊರವರ ಪ್ರೀತಿಯ ಕಥೆ ಅಂತಲೇ ಕೇಳಬೇಕು, ಸಾಬೀತಾದ ವಿಷಯ ಅಂತಲ್ಲ. ಶವ ಸಿಗಲಿಲ್ಲ. ಬ್ಯಾಲಿಯ ಚರ್ಚಿನ ಸ್ಮಶಾನದಲ್ಲಿ ನೆನಪಿನ ಕಲ್ಲು ಮಾತ್ರ ಇದೆ. ಜಾಂಜಗೀರ್‌ನ ಶಾಲೆಗೆ ಆಮೇಲೆ ಅವರದೇ ಹೆಸರಿಟ್ಟರು.