ಅಕ್ಟೋಬರಿನಲ್ಲಿ ಪೆಂಟ್‌ಲ್ಯಾಂಡ್ ಬೆಟ್ಟಸಾಲನ್ನು ಒಂದೇ ದಿನದಲ್ಲಿ ನಡೆದು ಮುಗಿಸಬಹುದೇ?

ಖಂಡಿತ ಮುಗಿಸಬಹುದು. ಕಾರಿಲ್ಲದೆ ಸ್ಕಾಟ್ಲೆಂಡಿನ ಎಡಿನ್‌ಬರಾದಿಂದ ಹೋಗಿಬರುವುದು ಹೇಗೆ, 600 ಮೀಟರೂ ಇಲ್ಲದ ಬೆಟ್ಟಕ್ಕೆ ಅಷ್ಟೆಲ್ಲ ತಯಾರಿ ಬೇಕೇ ಎಂದೂ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಜನ ಎಡವುವುದು ಅಲ್ಲೇ.

ಈ ಸಾಲಿನ ಅತಿ ಎತ್ತರದ ಸ್ಕಾಲ್ಡ್ ಲಾ 579 ಮೀಟರ್. ಬೆಂಗಳೂರೇ ಅದಕ್ಕಿಂತ 300 ಮೀಟರಿಗೂ ಹೆಚ್ಚು ಮೇಲಿದೆ. ಆದರೆ ಇಲ್ಲಿ ಎತ್ತರದ ಲೆಕ್ಕಕ್ಕಿಂತ ಗಾಳಿಯ ಲೆಕ್ಕ ಮುಖ್ಯ. ಬೆಟ್ಟದ ನೆತ್ತಿಯಲ್ಲಿ ಮರವಿಲ್ಲ, ಮರೆಯಿಲ್ಲ, ಬರೀ ಹುಲ್ಲು ಮತ್ತು ಹೆದರ್ ಪೊದೆ. ಊರಲ್ಲಿ 10 ಡಿಗ್ರಿ ಇದ್ದರೆ ಮೇಲೆ ಆರೇಳು ಡಿಗ್ರಿ ಇರುತ್ತದೆ. ಅದರ ಮೇಲೆ ಗಂಟೆಗೆ 65 ಕಿ.ಮೀ. ಗಾಳಿ ಬೀಸಿದರೆ ಮೈಗೆ ಸೊನ್ನೆ ಡಿಗ್ರಿಯ ಚಳಿ. ಬಟ್ಟೆ ನೆನೆದಿದ್ದರೆ ಇನ್ನೂ ಕಷ್ಟ. ಹೊರಡುವ ಮುನ್ನ ನಗರದ ಹವಾಮಾನವನ್ನಲ್ಲ, ಬೆಟ್ಟದ ಮೇಲಿನ ಗಾಳಿಯ ವೇಗವನ್ನೇ ನೋಡಿ. ಗಂಟೆಗೆ 60 ಕಿ.ಮೀ. ದಾಟಿದರೆ ಆ ದಿನ ಬಿಟ್ಟುಬಿಡಿ.

ಹೆಚ್ಚಿನವರು ಸಾಲಿನ ಈಶಾನ್ಯ ತುದಿಯ ಫ್ಲಾಟರ್‌ಸ್ಟೋನ್‌ನಿಂದ ಹತ್ತುತ್ತಾರೆ. ನಾನು ಹೇಳುವುದು ಅದರ ಉಲ್ಟಾ: ಎ702 ರಸ್ತೆಯಲ್ಲಿ ಬಿಗ್ಗರ್ ಕಡೆಗೆ ಹೋಗುವ ಬಸ್ ಹಿಡಿದು ನೈನ್ ಮೈಲ್ ಬರ್ನ್‌ನಲ್ಲಿ ಇಳಿಯಿರಿ, ಈಶಾನ್ಯಕ್ಕೆ ನಡೆದು ಫ್ಲಾಟರ್‌ಸ್ಟೋನ್‌ನಲ್ಲಿ ಮುಗಿಸಿ. ಇಲ್ಲಿ ಗಾಳಿ ಸಾಮಾನ್ಯವಾಗಿ ನೈಋತ್ಯದಿಂದ ಬರುತ್ತದೆ. ಹೀಗೆ ನಡೆದರೆ ಅದು ಇಡೀ ದಿನ ಬೆನ್ನ ಹಿಂದಿರುತ್ತದೆ, ಮಳೆ ಮುಖಕ್ಕೆ ರಾಚುವುದಿಲ್ಲ. ಎರಡೂ ತುದಿ ಒಂದೇ ಬಸ್ ಮಾರ್ಗದಲ್ಲಿವೆ. ಬಸ್ಸುಗಳು ಮಾತ್ರ ವಿರಳ, ಭಾನುವಾರ ಇನ್ನೂ ಕಡಿಮೆ. ವಾಪಸ್ ಬಸ್ಸಿನ ಹೊತ್ತನ್ನು ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ತಕ್ಕಂತೆ ಹೊರಡಿ.

ನೈನ್ ಮೈಲ್ ಬರ್ನ್‌ನಿಂದ ಮಾಂಕ್ಸ್ ರಿಗ್ ಎಂಬ ಹುಲ್ಲಿನ ದಿಣ್ಣೆ ನಿಧಾನವಾಗಿ ಏರುತ್ತದೆ. ಅದರ ಕೊನೆಗೆ ವೆಸ್ಟ್ ಕಿಪ್ (551 ಮೀ.) ಚೂಪಾಗಿ ಎದ್ದು ನಿಂತಿದೆ. ಕಡಿದಾದ ಹತ್ತಾಟ, ಆದರೆ ಚಿಕ್ಕದು. ಆಮೇಲೆ ಈಸ್ಟ್ ಕಿಪ್ (534), ಸೌತ್ ಬ್ಲ್ಯಾಕ್ ಹಿಲ್‌ನ ಭುಜ, ಸ್ಕಾಲ್ಡ್ ಲಾ, ಕಾರ್ನೆತಿ (573), ಟರ್ನ್‌ಹೌಸ್ (506). ಒಟ್ಟು 10–11 ಕಿ.ಮೀ., ಏರು ಸುಮಾರು 700 ಮೀಟರ್. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ ಕೊಟ್ಟ ಲೆಕ್ಕ ಈಗಲೂ ಕೆಲಸಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ ಮೂರೂವರೆ ಗಂಟೆಗೆ ಸ್ವಲ್ಪ ಕಡಿಮೆ. ಊಟ, ಕೆಸರು, ಫೋಟೋ ಸೇರಿಸಿ ಐದು ಗಂಟೆ ಇಟ್ಟುಕೊಳ್ಳಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಮೇಲೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ತಲೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಲಿ.

ಮಂಜು ಮುಸುಕಿದಾಗ ದಾರಿ ತಪ್ಪುವುದು ಶಿಖರಗಳ ಮೇಲೆ. ಸ್ಕಾಲ್ಡ್ ಲಾದ ಸರ್ವೆ ಕಂಬದ ಸುತ್ತ ಹಾದಿಗಳು ಹರಡಿಕೊಂಡಿವೆ, ಕಂಬಕ್ಕೆ ಒಂದು ಸುತ್ತು ಹಾಕಿದರೂ ದಿಕ್ಕು ಗೊಂದಲವಾಗುತ್ತದೆ. ಕಂಪಾಸ್ ಹಿಡಿದು ಈಶಾನ್ಯಕ್ಕೆ ಇಳಿಯಿರಿ. ಸ್ಕಾಲ್ಡ್ ಲಾ ಮತ್ತು ಕಾರ್ನೆತಿ ನಡುವಿನ ತಗ್ಗಿನಲ್ಲಿ ಕರ್ಕ್ ರೋಡ್ ಅಡ್ಡ ಹಾಯುತ್ತದೆ. ಬೆಟ್ಟದಾಚೆಯವರು ಪೆನಿಕ್ವಿಕ್‌ನ ಚರ್ಚಿಗೆ ಹೋಗುತ್ತಿದ್ದ ಹಳೆಯ ದಾರಿ ಅದು. ಸುಸ್ತಾಗಿದ್ದರೆ ಅಥವಾ ಹವೆ ಕೆಟ್ಟರೆ ಅಲ್ಲೇ ಬಲಕ್ಕೆ ಇಳಿದು ಎ702 ಸೇರಿ. ಎಡಕ್ಕೆ ಇಳಿದರೆ ಲೋಗನ್‌ಲೀ ಜಲಾಶಯ, ಅಲ್ಲಿಂದ ಫ್ಲಾಟರ್‌ಸ್ಟೋನ್‌ಗೆ ಡಾಂಬರು ರಸ್ತೆಯಿದೆ, ಆದರೆ ದೂರ. ಕಾರ್ನೆತಿ ನೆತ್ತಿಯ ದೊಡ್ಡ ಕಲ್ಲುರಾಶಿ ಕಂಚಿನ ಯುಗದ ಸಮಾಧಿ. ಗಾಳಿಮರೆಗೆ ಅದರ ಕಲ್ಲು ಕೀಳಬೇಡಿ. ಟರ್ನ್‌ಹೌಸ್‌ನಿಂದ ಇಳಿಯುವಾಗ ಒದ್ದೆ ಹುಲ್ಲು ಬಹಳ ಜಾರುತ್ತದೆ, ಹೆಜ್ಜೆ ಚಿಕ್ಕದಾಗಿಡಿ.

ಅಡಿಯಲ್ಲಿ ಆಳವಾದ ಹಲ್ಲಿರುವ ಶೂ, ಟೋಪಿಯಿರುವ ಮಳೆ ಜಾಕೆಟ್, ಮಳೆ ಪ್ಯಾಂಟ್, ಉಣ್ಣೆಯ ಅಥವಾ ಫ್ಲೀಸ್ ಪದರ, ಕೈಗವಸು ಬೇಕೇ ಬೇಕು. ಜೀನ್ಸ್ ಬೇಡ: ನೆನೆದರೆ ಒಣಗುವುದಿಲ್ಲ, ಕಾಲಿನ ಬಿಸಿಯನ್ನೆಲ್ಲ ಹೀರುತ್ತದೆ. ಒಂದೂವರೆ ಲೀಟರ್ ನೀರು ಒಯ್ಯಿರಿ, ಕುರಿ ಮೇಯುವ ಬೆಟ್ಟದ ತೊರೆಯ ನೀರನ್ನು ಹಾಗೇ ಕುಡಿಯಬೇಡಿ. ಚಪಾತಿ ರೋಲ್ ಒಳ್ಳೆಯದು, ಗಾಳಿಯಲ್ಲಿ ಡಬ್ಬಿ ಬಿಚ್ಚಿ ಕೂರುವ ಕಷ್ಟವಿಲ್ಲ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 344 ನಕ್ಷೆ ಕಾಗದದ್ದೇ ಇರಲಿ, ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ.

ಪರವಾನಗಿ, ಟಿಕೆಟ್ ಏನೂ ಬೇಡ. 2003ರ ಭೂಸುಧಾರಣಾ ಕಾಯ್ದೆಯಡಿ ಸ್ಕಾಟ್ಲೆಂಡಿನಲ್ಲಿ ಜವಾಬ್ದಾರಿಯಿಂದ ನಡೆಯುವ ಹಕ್ಕು ಎಲ್ಲರಿಗೂ ಇದೆ. ಗೇಟುಗಳನ್ನು ಹೇಗಿದ್ದವೋ ಹಾಗೇ ಬಿಡಿ. ಅಪಘಾತವಾದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕೆಂದು ಹೇಳಿ.